ಪದವಿಯ ಓದೂ ಕಥೆಯ ಬರವಣಿಗೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಮಳೆಗಾಲದಲ್ಲಿ ನಮಗೊಂದು ದೀರ್ಘವಾದ ಕಾಗದವನ್ನು ಬರೆದಳು. ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನಮಗೆ ಮೊದಲು ನೆನಪಾದುದು ಆ ಕಾಗದವೇ. ಶಾಲೆಯ ಪೂರ್ವಚರಿತ್ರೆಯನ್ನೂ ಗುರುಗಳ ಉಪಕಾರಸ್ಮರಣೆಯನ್ನೂ ನಮಗಿಂತ ಯೋಗ್ಯರಾದವರು ಬೇರೆ ಪುಟಗಳಲ್ಲಿ ಮಾಡಿರುವರು; ಆದುದರಿಂದ ನಾವು ಆ ಹುಡುಗಿಯ ಪ್ರಶ್ನೆಯೊಂದನ್ನೇ ಇಲ್ಲಿ ಎತ್ತಿಕೊಳ್ಳುತ್ತೇವೆ. ಇದಕ್ಕೆ ಅವಳ ಅನುಮತಿಯನ್ನು ಪಡೆದಿದ್ದೇವೆ. ಹೆಸರನ್ನು ಮಾತ್ರ ಹೇಳುವುದಿಲ್ಲ.

ಈಕೆ ಎಂ.ಎ. ಪರೀಕ್ಷೆಯನ್ನು ಚೆನ್ನಾಗಿ ಮುಗಿಸಿ ಈಗ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಮಾಡುತ್ತಿದ್ದಾಳೆ. ಎರಡನೆಯ ವರ್ಷ ನಡೆಯುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟ ಕನ್ನಡ ಪುಸ್ತಕಗಳೇ ಅವಳ ವಿಷಯ. 1843ರ 'ಮಂಗಳೂರ ಸಮಾಚಾರ'ದಿಂದ ಮೊದಲ್ಗೊಂಡು 1899ರಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯವರೆಗೆ ಆ ಅಚ್ಚುಕೂಟದ ಹಾಳೆಗಳನ್ನು ಒಂದೊಂದಾಗಿ ನೋಡಿ ಟಿಪ್ಪಣಿ ಮಾಡಿಕೊಳ್ಳುವುದು ಅವಳ ಹಗಲಿನ ಕೆಲಸ. ಇದರ ಜೊತೆಗೆ ಆಕೆ ಯಾರಿಗೂ ಹೇಳದೆ ಒಂದು ಕಾದಂಬರಿಯನ್ನು ಆರಂಭಿಸಿದ್ದಾಳೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರಷ್ಟೆ. ಅಂಥ ಒಂದು ಕಾರ್ಖಾನೆಯಲ್ಲಿ ಮಣ್ಣು ಹೊತ್ತ ತನ್ನ ಮುತ್ತಜ್ಜಿಯ ಕಥೆ ಅದು. ಎಪ್ಪತ್ತು ಪುಟಗಳಾಗಿವೆ; ಎಂಟು ತಿಂಗಳಿಂದ ನಿಂತಿದೆ. ಕಥೆಗೆ ಕುಳಿತರೆ ಪ್ರಬಂಧವನ್ನು ವಂಚಿಸಿದಂತೆಯೂ, ಪ್ರಬಂಧಕ್ಕೆ ಕುಳಿತರೆ ಮುತ್ತಜ್ಜಿ ಬಾಗಿಲಲ್ಲಿ ನಿಂತು ಕಾಯುತ್ತಿರುವಂತೆಯೂ ಅವಳಿಗೆ ತೋರುತ್ತದೆಯಂತೆ. ಮಾರ್ಗದರ್ಶಕರು, "ಇದನ್ನೆಲ್ಲ ಆಮೇಲೆ ಇಟ್ಟುಕೊಳ್ಳಮ್ಮ" ಎಂದರಂತೆ. ಮನೆಯಲ್ಲಿ ತಾಯಿಯವರದೂ ಅದೇ ಮಾತು. ಕಾಗದದ ಕೊನೆಯಲ್ಲಿ ಹೀಗೆ ಕೇಳಿದ್ದಳು: "ಟೀಚರ್, ಎರಡರಲ್ಲಿ ಯಾವುದನ್ನು ಬಿಡಲಿ?"

ನಾವು ಕೂಡಲೆ ಬರೆದ ಉತ್ತರವು ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರವೇ ಆಗಿತ್ತು: ಮೊದಲು ಪದವಿ, ಆಮೇಲೆ ಕಥೆ. ಕಾಗದವನ್ನು ಮಡಿಸಿ ಲಕೋಟೆಯೊಳಗೆ ಇಟ್ಟದ್ದಾಯಿತು; ಅಂಟಿಸಲು ಕೈ ಬರಲಿಲ್ಲ. ಏಕೆಂದರೆ ಇದೇ ಮಾತನ್ನು ನಾವು ಬಹಳ ವರ್ಷಗಳ ಹಿಂದೆ ಮತ್ತೊಬ್ಬ ಹುಡುಗಿಗೆ ಹೇಳಿದ್ದೆವು. ಆಕೆ ವಿಧೇಯಳು, ನಮ್ಮ ಮಾತನ್ನು ಕೇಳಿದಳು. ಪದವಿ ಬಂದಿತು, ಕೆಲಸ ಬಂದಿತು, ಮದುವೆಯಾಯಿತು, ಮಕ್ಕಳಾದರು. ಈಗ ಕಾಲೇಜೊಂದರಲ್ಲಿ ಒಳ್ಳೆಯ ಹೆಸರು ಪಡೆದ ಅಧ್ಯಾಪಿಕೆ. ಒಂದು ಕ್ರಿಸ್‌ಮಸ್ ರಜೆಯಲ್ಲಿ ನಮ್ಮನ್ನು ನೋಡಲು ಬಂದಿದ್ದಾಗ, "ಆ ನಿನ್ನ ಕಥೆ ಏನಾಯಿತಮ್ಮ?" ಎಂದು ಕೇಳಿದೆವು. "ನೋಟುಪುಸ್ತಕ ಹಾಗೆಯೇ ಇದೆ ಟೀಚರ್. ಅದರೊಳಗಿನವರು ಮಾತ್ರ ಈಗ ನನ್ನ ಸಂಗಡ ಮಾತಾಡುವುದಿಲ್ಲ" ಎಂದು ನಕ್ಕಳು. ನಮಗೆ ನಗು ಬರಲಿಲ್ಲ. ಆ ಸಲಹೆಯನ್ನು ಕೊಟ್ಟವರು ನಾವು.

ಹಾಗೆಂದು ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ಯಾರೂ ತಿಳಿಯಬಾರದು. ಸಂಶೋಧನೆಯ ಪದವಿಗೆ ಕಾಲದ ಮಿತಿ ಉಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಸ್ತ್ರೀಯರಿಗೆ ಅದರ ಮೇಲೆಯೂ ಎರಡು ವರ್ಷಗಳ ರಿಯಾಯಿತಿಯನ್ನು ಕೊಡಬಹುದು. ಪ್ರಸವಕ್ಕೂ ಶಿಶುಪಾಲನೆಗೂ ಒಟ್ಟಿನಲ್ಲಿ 240 ದಿನಗಳವರೆಗೆ ರಜೆಯುಂಟು. ಇವೆಲ್ಲ ಸೇರಿದರೂ ಹತ್ತು ವರ್ಷಗಳನ್ನು ಮೀರುವಂತಿಲ್ಲ. ಮೊದಲಲ್ಲಿ ಪಾಠಕ್ರಮವನ್ನು ಮುಗಿಸಬೇಕು. ಪ್ರತಿ ಅರ್ಧವರ್ಷಕ್ಕೊಮ್ಮೆ ಸಲಹಾ ಸಮಿತಿಯ ಮುಂದೆ ನಿಂತು ಕೆಲಸದ ಲೆಕ್ಕವನ್ನು ಒಪ್ಪಿಸಬೇಕು. ಇನ್ನು ಆಯೋಗದ ಕಿರಿಯ ಸಂಶೋಧನಾ ವೇತನವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಯಿತು. ಅದು ದೇಶದ ಜನರು ತೆತ್ತ ಹಣ. ಅದನ್ನು ಕೈನೀಡಿ ತೆಗೆದುಕೊಂಡವಳು ಓದಿನ ಹೊತ್ತನ್ನು ಕದ್ದು ಕಥೆ ಬರೆಯುವುದು ನ್ಯಾಯವಲ್ಲ. ಈ ಮಾತಿನಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಆ ವೇತನವು ಹೊತ್ತಾರೆಯ ಐದು ಗಂಟೆಯನ್ನೂ ಕೊಂಡುಕೊಂಡಿತೆ? ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ಗುಡಾರ ಮಾಡುವ ಕಸುಬನ್ನು ನಡಿಸಿದನೆಂದು ನಾವು ಬೈಬಲ್ ತರಗತಿಯಲ್ಲಿ ಓದಿದ್ದೇವೆ. ಗುಡಾರವನ್ನು ಕೊಂಡವನಿಗೆ ಹೊಲಿಗೆ ಗಟ್ಟಿಯಾಗಿರಬೇಕೆಂಬುದಷ್ಟೆ ನಿಬಂಧನೆ. ಉಳಿದ ಹೊತ್ತಿನಲ್ಲಿ ಪೌಲನು ಏನು ಮಾಡಿದನೆಂದು ಅವನು ವಿಚಾರಿಸಬೇಕಾಗಿರಲಿಲ್ಲ.

"ಆಮೇಲೆ" ಎಂಬ ಶಬ್ದವನ್ನು ಕುರಿತು ನಮ್ಮ ಮನಸ್ಸಿನಲ್ಲಿರುವುದನ್ನು ಇನ್ನೂ ಸ್ವಲ್ಪ ಬಿಚ್ಚಿ ಹೇಳಬೇಕಾಗಿದೆ. ಈ ಶಬ್ದವನ್ನು ಸಮರ್ಥಿಸುವವರು ಎಂ. ಕೆ. ಇಂದಿರಾ ಅವರ ಉದಾಹರಣೆಯನ್ನು ಕೊಡುವುದುಂಟು. ಶಾಲೆಯ ಓದು ಅಲ್ಪವಾಗಿದ್ದು, ಸಂಸಾರವನ್ನು ತೂಗಿಸಿ, ನಲವತ್ತೈದರ ಸುಮಾರಿನಲ್ಲಿ ಕಾದಂಬರಿಗೆ ಕೈಯಿಟ್ಟ ಈ ತಾಯಿ 1963ರಲ್ಲಿ 'ತುಂಗಭದ್ರ'ವನ್ನೂ 1976ರಲ್ಲಿ 'ಫಣಿಯಮ್ಮ'ವನ್ನೂ ಕೊಟ್ಟರು. ಇದು ಸಂತೋಷದ ಮಾತು. ಆದರೆ ಅದೇ ಕನ್ನಡ ನಾಡಿನಲ್ಲಿ ಕೊಡಗಿನ ಗೌರಮ್ಮನವರು 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ತ್ರಿವೇಣಿಯವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ನಮ್ಮನ್ನಗಲಿದಾಗ ಮೂವತ್ತನಾಲ್ಕು ವರ್ಷ. ಅಷ್ಟರೊಳಗೆ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದಿದ್ದರು. ಇವರಿಬ್ಬರೂ ಹಿರಿಯರ ಮಾತಿಗೆ ಕಿವಿಗೊಟ್ಟು "ಆಮೇಲೆ" ಎಂದಿದ್ದರೆ ನಮ್ಮ ಕಪಾಟುಗಳಲ್ಲಿ ಏನಿರುತ್ತಿತ್ತು? ಎಳೆಯರನ್ನು ಹೆದರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಇಂದಿರಾ ಅವರ ಆಯುಸ್ಸು ಎಲ್ಲರಿಗೂ ದೊರೆಯುವುದೆಂಬ ಧೈರ್ಯದಿಂದ ಸಲಹೆ ಕೊಡುವ ಅಧಿಕಾರವು ನಮಗಿಲ್ಲವೆಂದು ಮಾತ್ರ ಹೇಳುತ್ತೇವೆ.

ತ್ರಿವೇಣಿಯವರ ವಿಷಯದಲ್ಲಿ ಇನ್ನೊಂದು ಗಮನಿಸತಕ್ಕ ಅಂಶವಿದೆ. ಅವರು ಕಾಲೇಜಿನಲ್ಲಿ ಓದಿದ್ದು ಮನಶ್ಶಾಸ್ತ್ರ. 'ಶರಪಂಜರ'ದಲ್ಲಿ ಬಾಣಂತಿತನದ ಸನ್ನಿಯಿಂದ ಬುದ್ಧಿ ಕದಡಿ ಗುಣವಾಗಿ ಬಂದ ಹೆಂಗಸನ್ನು ಮನೆಯವರು ಮತ್ತೆ ಹೇಗೆ ಹುಚ್ಚಿಯನ್ನಾಗಿ ಮಾಡುತ್ತಾರೆಂಬುದನ್ನು ಅವರು ತೋರಿಸಿದರಲ್ಲ, ಅದು ಕೇವಲ ಕನಿಕರದಿಂದ ಬಂದ ಬರವಣಿಗೆಯಲ್ಲ. ಓದು ಅದರ ಬೆನ್ನಿಗಿದೆ. ವೈದ್ಯಶಾಸ್ತ್ರವನ್ನು ಓದಿ ರೋಗಿಗಳನ್ನು ನೋಡಿಕೊಳ್ಳುತ್ತಲೇ ಕಾದಂಬರಿಗಳನ್ನು ಬರೆದ ಅನುಪಮಾ ನಿರಂಜನರ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ವಿದ್ಯೆಯೂ ಕಲ್ಪನೆಯೂ ಸವತಿಯರೆಂಬ ಭಾವನೆಯನ್ನು ಯಾರು ಹುಟ್ಟಿಸಿದರೋ ತಿಳಿಯದು. ಕಿಟ್ಟೆಲ್ ಪಂಡಿತರ ನಿಘಂಟು 1894ರಲ್ಲಿ ಹೊರಬಂದುದನ್ನು ಎಲ್ಲರೂ ಬಲ್ಲರು. ಅದೇ ಕಿಟ್ಟೆಲರು 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೊಸೆದು 'ಕಥಾಮಾಲೆ'ಯೆಂದು ಪ್ರಕಟಿಸಿದ್ದರೆಂಬುದನ್ನು ಮರೆತಿದ್ದೇವೆ.

ನಮ್ಮ ಹುಡುಗಿಯ ಸಂಕಟಕ್ಕೆ ತೀರ ಹತ್ತಿರವಾದ ಉದಾಹರಣೆ ಅಮೆರಿಕ ದೇಶದ್ದು. ಮೆರಿಲಿನ್ ರಾಬಿನ್ಸನ್ ಎಂಬ ಲೇಖಕಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಷೇಕ್ಸ್‌ಪಿಯರನ 'ಆರನೆಯ ಹೆನ್ರಿ' ನಾಟಕದ ಎರಡನೆಯ ಭಾಗವನ್ನು ಕುರಿತು ಪ್ರಬಂಧ ಬರೆದು 1977ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆ ಪ್ರಬಂಧವನ್ನು ಬರೆಯುತ್ತಿದ್ದ ವರ್ಷಗಳಲ್ಲಿಯೇ ಅವರು ಆಗಾಗ ಒಂದೊಂದು ನೀಳವಾದ ರೂಪಕವನ್ನು ಬರೆದು ಬರೆದು ಒಂದು ಕಡೆ ಗುಡ್ಡೆಹಾಕುತ್ತಿದ್ದರು. ಕಥೆಯಿಲ್ಲ, ಪಾತ್ರವಿಲ್ಲ, ಇಂಥ ಪುಸ್ತಕವಾಗಬೇಕೆಂಬ ಹಟವೂ ಇಲ್ಲ. ಆ ಧ್ವನಿಯೊಂದು ಕೈತಪ್ಪಿ ಹೋಗಬಾರದೆಂಬ ಎಚ್ಚರ ಮಾತ್ರ. ಪ್ರಬಂಧವನ್ನು ಒಪ್ಪಿಸಿದ ಮೇಲೆ ಆ ಗುಡ್ಡೆಯನ್ನು ತೆಗೆದು ಓದಿದರೆ, ಅವೆಲ್ಲ ತಮ್ಮಷ್ಟಕ್ಕೆ ತಾವೇ ಒಂದಕ್ಕೊಂದು ಹೊಂದಿಕೊಂಡಿದ್ದುದು ಕಂಡಿತು. ಅದರಿಂದ ಹುಟ್ಟಿದ 'ಹೌಸ್‌ಕೀಪಿಂಗ್' ಎಂಬ ಕಾದಂಬರಿ 1980ರಲ್ಲಿ ಪ್ರಕಟವಾಯಿತು. ಮುದಿ ಪಾದ್ರಿಯೊಬ್ಬರು ತಮ್ಮ ಎಳೆಯ ಮಗನಿಗಾಗಿ ಬರೆದಿಡುವ ಕಾಗದದ ರೂಪದಲ್ಲಿರುವ 'ಗಿಲಿಯಡ್' ಎಂಬ ಅವರ ಪುಸ್ತಕಕ್ಕೆ 2005ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು. ನಮ್ಮ ಸಭೆಗಳ ಹೆಣ್ಣುಮಕ್ಕಳು ಅದನ್ನು ಓದಿದರೆ ಪಾದ್ರಿಯವರ ಮನೆಯ ಮೌನವನ್ನು ಗುರುತಿಸಬಲ್ಲರು.

ರಾಬಿನ್ಸನ್ನರು ಪ್ರಬಂಧವನ್ನೂ ಬಿಡಲಿಲ್ಲ, ಕಥೆಯನ್ನೂ ಬಿಡಲಿಲ್ಲ. ಕಥೆಯ ಮೇಲೆ ಹೇರಬಹುದಾದ ಅವಸರವನ್ನು ಬಿಟ್ಟರು. ನಮ್ಮ ಹುಡುಗಿ ಎಪ್ಪತ್ತನೆಯ ಪುಟದಲ್ಲಿ ನಿಂತದ್ದು ಹೊತ್ತಿಲ್ಲದೆಯೋ, ಎಪ್ಪತ್ತೊಂದನೆಯ ಪುಟವನ್ನೇ ಬರೆಯಬೇಕೆಂಬ ಹಟದಿಂದಲೋ ಎಂದು ನಮಗೆ ಅನುಮಾನ.

ಕನ್ನಡದವರಲ್ಲಿ ಇದಕ್ಕಿಂತ ಹೆಸರಾದ ಉದಾಹರಣೆಯಿದೆ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗಲೇ 'ಸಂಸ್ಕಾರ'ವನ್ನು ಬರೆದರು. ಕಾದಂಬರಿ ಅಚ್ಚಾದುದು 1965ರಲ್ಲಿ, ಡಾಕ್ಟರ್ ಪದವಿ ಬಂದುದು 1966ರಲ್ಲಿ. ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' ಎಂಬ ಚಿತ್ರವನ್ನು ತಮ್ಮ ಮಾರ್ಗದರ್ಶಕರಾದ ಮಾಲ್ಕಮ್ ಬ್ರ್ಯಾಡ್‌ಬರಿಯವರ ಸಂಗಡ ನೋಡಿದ ಮೇಲೆ ನಡೆದ ಮಾತುಕತೆಯೇ ಅದಕ್ಕೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಹಗಲೆಲ್ಲ ಇಂಗ್ಲಿಷಿನಲ್ಲಿ ಬಾಳಿ ದಣಿದವರಿಗೆ ಕನ್ನಡದ ಅಗ್ರಹಾರವೊಂದು ಕಣ್ಮುಂದೆ ನಿಂತುದು ಆಶ್ಚರ್ಯವಲ್ಲ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಬರೆದುದು ಸಣ್ಣ ಕಾದಂಬರಿ. ಮೂರು ತಲೆಮಾರುಗಳ ಮಹಾಗ್ರಂಥವಲ್ಲ. ಮತ್ತು ಮಾರ್ಗದರ್ಶಕರಾದ ಬ್ರ್ಯಾಡ್‌ಬರಿಯವರೂ ಕಾದಂಬರಿಕಾರರಾಗಿದ್ದರು. ಅವರ ಮೊದಲ ಕಾದಂಬರಿ 1959ರಲ್ಲಿಯೇ ಬಂದಿತ್ತು. ಶಿಷ್ಯನ ಇನ್ನೊಂದು ಹಸಿವನ್ನು ಗುರುತಿಸಬಲ್ಲ ಗುರು ದೊರೆಯುವುದು ಭಾಗ್ಯ. ನಮ್ಮಲ್ಲಿ ಅದು ಎಲ್ಲರಿಗೂ ದೊರೆಯುವುದಿಲ್ಲ. ದೊರೆಯದವರು ಕಥೆಯ ಸುದ್ದಿಯನ್ನು ಗುರುಗಳ ಮುಂದೆ ಎತ್ತದಿರುವುದೇ ಮೇಲು. ಇದು ಕಪಟವೆಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ.

ಇನ್ನು ಈ ಎರಡು ಬಗೆಯ ಬರವಣಿಗೆಗಳ ಜಗಳ ನಿಜವಾಗಿ ಎಲ್ಲಿದೆ? ಹೊತ್ತಿನ ಅಭಾವವೆಂದು ಎಲ್ಲರೂ ಹೇಳುತ್ತಾರೆ. ಕೈಯೂ ಮನಸ್ಸೂ ಹಿಡಿಯುವ ರೂಢಿಯಲ್ಲಿದೆ ಎಂದು ನಮ್ಮ ಮತ. ಪ್ರಬಂಧವನ್ನು ಬರೆಯುವವಳು ಏನನ್ನು ಸಾಧಿಸಲಿರುವಳೆಂಬುದನ್ನು ಮೊದಲ ಪುಟದಲ್ಲಿಯೇ ಹೇಳಬೇಕು, ಪ್ರತಿ ವಾಕ್ಯಕ್ಕೂ ಆಧಾರ ತೋರಿಸಬೇಕು, ಸಂದೇಹಕ್ಕೆ ಎಡೆಯಿರಬಾರದು. ಕಥೆಯನ್ನು ಬರೆಯುವವಳು ತನಗೆ ಗೊತ್ತಿರುವುದನ್ನು ಬಚ್ಚಿಡಬೇಕು. ತನಗೇ ಗೊತ್ತಿಲ್ಲದುದನ್ನು ಪಾತ್ರದ ಬಾಯಿಂದ ಕೇಳಿಸಿಕೊಳ್ಳಬೇಕು. ಹಗಲೆಲ್ಲ ಮೊದಲನೆಯ ರೂಢಿಯಲ್ಲಿದ್ದ ಕೈ ರಾತ್ರಿ ಕಥೆಗೆ ಕುಳಿತರೆ ಮುತ್ತಜ್ಜಿ ಮಣ್ಣಿನ ಬುಟ್ಟಿಯನ್ನು ಕೆಳಗಿಟ್ಟು ಸಾಮಾಜಿಕ ಪರಿವರ್ತನೆಯನ್ನು ಕುರಿತು ಭಾಷಣ ಮಾಡತೊಡಗುತ್ತಾಳೆ. ನಮ್ಮ ಹುಡುಗಿ ಕಳುಹಿಸಿದ್ದ ಹಾಳೆಗಳಲ್ಲಿ ಅರವತ್ತನೆಯ ಪುಟದಿಂದ ಮುಂದಕ್ಕೆ ಇದೇ ನಡೆದಿತ್ತು. ಮೊದಲ ಹದಿನೈದು ಪುಟಗಳಲ್ಲಿ ಅವಳ ಮುತ್ತಜ್ಜಿಗೆ ಬಾಯೇ ಇಲ್ಲ. ಒದ್ದೆ ಮಣ್ಣು ತಲೆಯ ಮೇಲಿಂದ ಕುತ್ತಿಗೆಗೆ ಸೋರುವುದನ್ನು ಮಾತ್ರ ಬರೆದಿದ್ದಾಳೆ. ಆ ಪುಟಗಳು ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ಆದರೆ ಓದಿನ ರೂಢಿಯಿಂದ ಕಥೆಗೆ ಲಾಭವೂ ಉಂಟು. ಕಾರ್ಖಾನೆಯ ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತಿತ್ತು, ಕೂಲಿಯನ್ನು ಯಾವ ದಿನ ಕೊಡುತ್ತಿದ್ದರು, ಹಂಚಿನ ಮೇಲೆ ಯಾವ ಮುದ್ರೆಯಿತ್ತು ಎಂಬುದನ್ನು ಊಹಿಸಿ ಬರೆಯದೆ ಹುಡುಕಿ ಬರೆಯುವ ಸ್ವಭಾವವು ಅವಳಿಗೆ ಪ್ರಬಂಧದಿಂದಲೇ ಬಂದಿದೆ. ಒಂದು ಎಚ್ಚರಿಕೆಯಿರಲಿ: ಎರಡಕ್ಕೂ ಬೇರೆ ಬೇರೆ ನೋಟುಪುಸ್ತಕಗಳಿರಬೇಕು. ಕಥೆಗಾಗಿ ಕಲ್ಪಿಸಿದುದು ಅಪ್ಪಿತಪ್ಪಿ ಪ್ರಬಂಧದ ಅಡಿಟಿಪ್ಪಣಿಗೆ ನುಸುಳಿದರೆ ಅದು ಸುಳ್ಳುಸಾಕ್ಷಿಗೆ ಸಮ. ಅಂಥ ತಪ್ಪಿಗೆ ಕ್ಷಮೆಯಿಲ್ಲ, ಇರಲೂ ಬಾರದು.

ಹೊತ್ತಿನ ಮಾತನ್ನೂ ಆಡಿಬಿಡೋಣ. ದಿನಕ್ಕೆ ಒಂದು ಗಂಟೆ ಸಾಕು. ಆದರೆ ಅದು ಬಳಲಿದ ಗಂಟೆಯಾಗಬಾರದು. ಟೋನಿ ಮಾರಿಸನ್ನರು 1955ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಮುಗಿಸಿದವರು, ಮೊದಲ ಕಾದಂಬರಿ ಬಂದುದು 1970ರಲ್ಲಿ. ಈ ನಡುವೆ ಉದ್ಯೋಗವೂ ಇಬ್ಬರು ಗಂಡುಮಕ್ಕಳ ಪಾಲನೆಯೂ ಅವರ ಮೇಲಿದ್ದವು. ಮಕ್ಕಳು ಏಳುವ ಮುಂಚೆ ನಸುಕಿನಲ್ಲಿಯೇ ಬರೆಯುತ್ತಿದ್ದರು. ಪ್ರಬಂಧದ ಕೊನೆಯ ಆರು ತಿಂಗಳಲ್ಲಿ ಕಥೆಯನ್ನು ಪೂರ್ತಿಯಾಗಿ ಮುಚ್ಚಿಡುವುದು ಒಳ್ಳೆಯದೆಂದು ನಾವು ಒಪ್ಪುತ್ತೇವೆ. ಆಗ ಎರಡನ್ನೂ ಹಿಡಿದವರು ಎರಡನ್ನೂ ಕೆಡಿಸಿಕೊಂಡುದನ್ನು ಕಂಡಿದ್ದೇವೆ. ಪ್ರಬಂಧವನ್ನು ಒಪ್ಪಿಸಿದ ಮೇಲೆ ಮೌಖಿಕ ಪರೀಕ್ಷೆಯ ಫಲಿತಾಂಶದವರೆಗಿನ ಎಲ್ಲ ಕಾರ್ಯವನ್ನೂ ವಿಶ್ವವಿದ್ಯಾನಿಲಯವು ಆರು ತಿಂಗಳೊಳಗೆ ಮುಗಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಆ ತಿಂಗಳುಗಳನ್ನು ಹುಡುಗಿಯರು ಉಗುರು ಕಚ್ಚುತ್ತ ಕಳೆಯುತ್ತಾರೆ. ಕಥೆ ಬರೆಯುವವಳಿಗೆ ಅದಕ್ಕಿಂತ ಒಳ್ಳೆಯ ಕಾಲ ಮತ್ತೆ ದೊರೆಯಲಾರದು.

ಈ ಲೆಕ್ಕವನ್ನೆಲ್ಲ ಹಾಕುವಾಗ ಒಂದು ಸಂಗತಿಯನ್ನು ಮರೆಯಲಾಗದು. ಗಂಡುಹುಡುಗನು ಸಂಶೋಧನೆಗೆ ಸೇರಿದರೆ ಅವನ ಹೊತ್ತನ್ನು ಕೇಳುವವರು ಇಬ್ಬರು: ಓದು ಮತ್ತು ಕಥೆ. ಹೆಣ್ಣುಮಗಳಿಗೆ ಮೂರನೆಯದೊಂದಿದೆ, ಅದು ಅಡಿಗೆಮನೆ. ರಜೆಯಲ್ಲಿ ಮನೆಗೆ ಬಂದವಳು ಪುಸ್ತಕ ಹಿಡಿದರೆ "ಪರೀಕ್ಷೆಗೆ ಓದುತ್ತಿದ್ದಾಳೆ" ಎಂದು ಸುಮ್ಮನಿರುತ್ತಾರೆ. ಕಥೆ ಬರೆಯುತ್ತಿದ್ದಾಳೆಂದು ತಿಳಿದರೆ ಕೂಡಲೆ, "ಸುಮ್ಮನೆ ಕೂತಿದ್ದೀಯಲ್ಲ, ಸ್ವಲ್ಪ ತೆಂಗಿನಕಾಯಿ ತುರಿ" ಎಂಬ ಕರೆ ಬರುತ್ತದೆ. ಬೇಥಾನ್ಯದ ಮನೆಯಲ್ಲಿ ಮಾರ್ಥಳು ದೂರು ಹೇಳಿದಾಗ ಸ್ವಾಮಿಯು ಯಾರ ಪಕ್ಷವನ್ನು ಹಿಡಿದನೆಂಬುದನ್ನು ಇದೇ ತಾಯಂದಿರು ಸಂಡೆ ಸ್ಕೂಲಿನಲ್ಲಿ ನಮ್ಮ ಮಕ್ಕಳಿಗೆ ಕಲಿಸುತ್ತಾರೆ. ಅಂದಿನ ಊಟವನ್ನು ಮಾಡಿದವರಾರು ಎಂದು ನಮ್ಮ ತರಗತಿಯ ತುಂಟಿಯೊಬ್ಬಳು ಕೇಳಿದ್ದಳು. ಸರಿಯಾದ ಪ್ರಶ್ನೆಯೇ. ಮನೆಯ ಗಂಡಸರೂ ಒಮ್ಮೊಮ್ಮೆ ತೆಂಗಿನಕಾಯಿ ತುರಿದರೆ ಊಟವೂ ಆದೀತು, ಬರವಣಿಗೆಯೂ ಆದೀತು.

ಕಾದಂಬರಿಯನ್ನೇ ಪದವಿಗೆ ಒಪ್ಪಿಸುವ ಏರ್ಪಾಡು ಬಂದರೆ ಈ ತೊಡಕೇ ಇರುವುದಿಲ್ಲವೆಂದು ಕೆಲವು ಮಿತ್ರರು ಹೇಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವು 1922ರಲ್ಲಿಯೇ ಸೃಜನಾತ್ಮಕ ಕೃತಿಯನ್ನು ಪದವಿಗೆ ಅಂಗೀಕರಿಸಲು ಒಪ್ಪಿತು. ಇಂಗ್ಲೆಂಡಿನಲ್ಲಿ ಮೇಲೆ ಹೇಳಿದ ಬ್ರ್ಯಾಡ್‌ಬರಿಯವರೂ ಆಂಗಸ್ ವಿಲ್ಸನ್ನರೂ ಸೇರಿ 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ ಅಂಥ ಎಂ.ಎ. ತರಗತಿಯನ್ನು ತೆರೆದರು. ಒಳ್ಳೆಯ ಫಲವೂ ಬಂದಿದೆ. ಆದರೂ ನಮಗೆ ಇದರಲ್ಲಿ ಹೆಚ್ಚಿನ ಉತ್ಸಾಹವಿಲ್ಲ. ಅರ್ಧವರ್ಷಕ್ಕೊಮ್ಮೆ ಸಮಿತಿಯ ಐದಾರು ಮಂದಿ ಮುತ್ತಜ್ಜಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವಳ ಪ್ರಗತಿಯನ್ನು ವಿಚಾರಿಸುವುದನ್ನು ನೆನೆದರೆ ಭಯವಾಗುತ್ತದೆ. ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ಕೆಲಸವಾದರೂ ಹುಡುಗಿಯರ ಪಾಲಿಗೆ ಉಳಿದಿರಲಿ.

ನಾವು ಮೊದಲು ಬರೆದಿದ್ದ ಉತ್ತರವನ್ನು ಹರಿದುಹಾಕಿ ಎರಡನೆಯದನ್ನು ಕಳುಹಿಸಿದೆವು. ಯಾವುದನ್ನೂ ಬಿಡಬೇಡ, ಎಪ್ಪತ್ತೊಂದನೆಯ ಪುಟವನ್ನು ಸದ್ಯಕ್ಕೆ ಮರೆತು, ಮುತ್ತಜ್ಜಿಯನ್ನು ಕುರಿತು ಕಂಡಷ್ಟನ್ನು, ಒಂದು ದಿನಕ್ಕೆ ಅರ್ಧ ಪುಟವಾದರೂ ಸರಿ, ಹೊಂದಿಕೆಯ ಚಿಂತೆಯಿಲ್ಲದೆ ಬರೆದು ಒಂದು ಪೆಟ್ಟಿಗೆಗೆ ಹಾಕುತ್ತ ಬಾ, ಅರವತ್ತರಿಂದ ಎಪ್ಪತ್ತರವರೆಗಿನ ಪುಟಗಳನ್ನು ತೆಗೆದುಬಿಡು, ಪ್ರಬಂಧದ ಮೂರನೆಯ ಅಧ್ಯಾಯವನ್ನು ಕ್ರಿಸ್‌ಮಸ್ಸಿಗೆ ಮುಂಚೆ ಗುರುಗಳ ಕೈಗೆ ಕೊಡು ಎಂದು ಬರೆದೆವು. ಅಧ್ಯಾಯವನ್ನು ಕೊಟ್ಟಿದ್ದಾಳೆಂದು ತಿಳಿದುಬಂದಿದೆ. ಪೆಟ್ಟಿಗೆಯ ಸಂಗತಿಯನ್ನು ಅವಳು ತಿಳಿಸಿಲ್ಲ, ನಾವೂ ವಿಚಾರಿಸಿಲ್ಲ. ಹಿಂದಿನ ಭಾನುವಾರ ದೇವಾಲಯದ ಬಾಗಿಲಲ್ಲಿ ಅವಳ ತಾಯಿಯವರು ಸಿಕ್ಕಿದ್ದರು. "ರಜೆಗೆ ಬಂದಿದ್ದಾಗ ದಿನಾ ನಾಲ್ಕೂವರೆಗೇ ಅವಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು ಟೀಚರ್. ಏನು ಬರೆಯುತ್ತೀ ಅಂತ ನಾನು ಕೇಳಲಿಲ್ಲ. ಕಾಫಿ ಮಾಡಿ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದೆ" ಎಂದರು.